ಮೂವತ್ತಮೂರನೇ ಪುಟ

ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಶಾಖಾ ಗ್ರಂಥಾಲಯದ ಬಾಗಿಲು ತೆಗೆಯುವ ಹೊತ್ತಿಗೆ ಹೊರಗಿನ ಮೆಟ್ಟಿಲ ಮೇಲೆ ಆರು ಜನ ಕಾಯುತ್ತಿದ್ದರು. ಐವರು ಹೆಂಗಸರು, ಒಬ್ಬ ವಯಸ್ಸಾದ ಗಂಡಸು. ಎಲ್ಲರ ಕೈಯಲ್ಲೂ ಬಟ್ಟೆಯ ಚೀಲ, ಚೀಲದಲ್ಲಿ ವಾರವಿಡೀ ಓದಿ ಮುಗಿಸಿದ ಕಾದಂಬರಿಗಳು. ಏಳನೆಯವರಾಗಿ ಬಂದ ಪ್ರೊಫೆಸರ್ ಸಾಲಿನಲ್ಲಿ ನಿಲ್ಲಲಿಲ್ಲ. ಆರೂ ಜನರನ್ನು ಬಳಸಿಕೊಂಡು ಮೆಟ್ಟಿಲು ಹತ್ತಿ, ಬಾಗಿಲು ಪೂರ್ತಿ ತೆರೆಯುವ ಮೊದಲೇ ಒಳಗೆ ನುಗ್ಗಿದರು. ಸಾಲು ಎನ್ನುವುದು ಬೇರೆಯವರಿಗಾಗಿ ಇರುವಂಥದ್ದು ಎಂದು ಅವರು ಎಂದೋ ತೀರ್ಮಾನಿಸಿಬಿಟ್ಟಿದ್ದರು.

ಅವರು ಕಾಲೇಜಿನ ಸಾಹಿತ್ಯ ವಿಭಾಗದ ಮುಖ್ಯಸ್ಥೆ. ವಯಸ್ಸು ಐವತ್ತಾರು. ಹನ್ನೊಂದು ವಿಮರ್ಶಾ ಗ್ರಂಥಗಳನ್ನು ಬರೆದಿದ್ದರು. ಬೇರೆಯವರು ಬರೆದದ್ದು ಏಕೆ ಸರಿಯಿಲ್ಲ ಎಂಬುದನ್ನು ಹನ್ನೊಂದರಲ್ಲೂ ಸವಿಸ್ತಾರವಾಗಿ ತಿಳಿಸಿದ್ದರು. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು ಕತ್ತರಿ ಎಂದು ಕರೆಯುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದ ದಿನ ಪ್ರೊಫೆಸರರಿಗೆ ಸಿಟ್ಟು ಬರಲಿಲ್ಲ, ಒಳಗೊಳಗೇ ಹಿಗ್ಗಿದರು. ಅವರಿಗೆ ಹಿಡಿಸಿದ ಪುಸ್ತಕ ಯಾವುದು ಎಂದು ಕೇಳಿದರೆ ವಿಭಾಗದ ಸಹೋದ್ಯೋಗಿಗಳು ಕೂಡ ತಲೆ ಕೆರೆದುಕೊಳ್ಳಬೇಕಾಗುತ್ತಿತ್ತು.

ಇಂಥವರನ್ನು ಹುಡುಕಿ ತೆಗೆದು ನಗರದ ಗ್ರಂಥಾಲಯ ಮಂಡಳಿಯು ಪುಸ್ತಕ ವಿಲೇವಾರಿ ಸಮಿತಿಗೆ ಅಧ್ಯಕ್ಷೆಯನ್ನಾಗಿ ಮಾಡಿತ್ತು. ಯಾವ ಪುಸ್ತಕ ಇಟ್ಟುಕೊಳ್ಳಬೇಕು, ಯಾವುದನ್ನು ರದ್ದಿಗೆ ಹಾಕಬೇಕು ಎಂದು ಶಾಖೆಗಳಿಗೆ ಹೋಗಿ ನೋಡಿ ವರದಿ ಕೊಡುವುದು ಸಮಿತಿಯ ಕೆಲಸ. ಸಮಿತಿಯಲ್ಲಿ ಇನ್ನಿಬ್ಬರಿದ್ದರು. ಒಬ್ಬರಿಗೆ ಬೆನ್ನುನೋವು. ಇನ್ನೊಬ್ಬರು, ಮೇಡಂ ಹೇಗೆ ಹೇಳುತ್ತಾರೋ ಹಾಗೆ ಎಂದು ಮೊದಲೇ ಬರೆದುಕೊಟ್ಟಿದ್ದರು. ಹಾಗಾಗಿ ಸಮಿತಿ ಎಂದರೆ ಪ್ರೊಫೆಸರ್ ಮಾತ್ರ.

ಈ ಶಾಖೆ ಅವರಿಗೆ ಹೊಸದಲ್ಲ. ಹಿಂದಿನ ಬೀದಿಯ ಎರಡು ಕೋಣೆಯ ಮನೆಯಲ್ಲಿ ಅವರು ಹುಟ್ಟಿ ಬೆಳೆದದ್ದು. ಆ ವಿಷಯವನ್ನು ಅವರು ಗ್ರಂಥಪಾಲಕನಿಗೆ ಹೇಳಲಿಲ್ಲ, ಹೇಳುವ ಅಗತ್ಯ ಕಾಣಲಿಲ್ಲ. ಕಬ್ಬಿಣದ ಕುರ್ಚಿಗಳು, ಮೂಲೆ ಸವೆದ ಮರದ ಕೌಂಟರು, ದಿನಪತ್ರಿಕೆಗಳನ್ನು ದಾರಕ್ಕೆ ಕಟ್ಟಿಟ್ಟ ಉದ್ದನೆಯ ಮೇಜು, ಗೋಡೆಯ ಮೇಲೆ ಮಾತನಾಡಬಾರದು ಎಂಬ ಬೋರ್ಡು, ಅದರ ಕೆಳಗೇ ನಿಂತು ಮಾತನಾಡುತ್ತಿರುವ ಹೆಂಗಸರು. ಎಲ್ಲವನ್ನೂ ನೋಡಿ ಪ್ರೊಫೆಸರ್ ಮೂಗು ಮುರಿದರು.

ಅವರು ಚೀಲದಿಂದ ಉದ್ದನೆಯದೊಂದು ಸ್ಕೇಲು ತೆಗೆದರು. ಪುಸ್ತಕಗಳನ್ನು ಕೈಯಿಂದ ಮುಟ್ಟದೆ ಸ್ಕೇಲಿನ ತುದಿಯಿಂದಲೇ ಎಳೆದು ನೋಡುವುದು ಅವರ ಪದ್ಧತಿ. ಪತ್ತೇದಾರಿ ಕಾದಂಬರಿ, ಸಂಸಾರದ ಕಥೆ, ಪ್ರೇಮ, ಭೂತ, ಮತ್ತೆ ಪತ್ತೇದಾರಿ. ಎಣ್ಣೆ ಕೈಯ ಗುರುತು, ಮಡಚಿದ ಮೂಲೆ, ಅಂಟು ಹಚ್ಚಿದ ಬೆನ್ನು. ಇಡೀ ಬಡಾವಣೆಯ ಜನರ ಅಭಿರುಚಿ ಇಷ್ಟೇ ಎಂದು ಅವರು ಗ್ರಂಥಪಾಲಕನ ಕಡೆ ತಿರುಗಿ ಹೇಳಿದರು, ಹಾಗೆ ಹೇಳುವಾಗ ಅವನನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಂಡಿದ್ದರು.

ಗ್ರಂಥಪಾಲಕ ಒಂಬತ್ತು ವರ್ಷದಿಂದ ಇಲ್ಲಿದ್ದವನು, ಬೈಗುಳವನ್ನು ಹೊಟ್ಟೆಗೆ ಹಾಕಿಕೊಂಡು ಅಭ್ಯಾಸವಿದ್ದವನು. ಓಡಾಡುವ ಪುಸ್ತಕಗಳೆಂದರೆ ಇವೇ ಎಂದ. ಮೇಡಂ ಹೇಳುವಂಥವು ಆಚೆಗಿನ ಕಪಾಟಿನಲ್ಲಿವೆ, ತಂದಾಗ ಹೇಗಿದ್ದವೋ ಹಾಗೇ ಇವೆ ಎಂದೂ ಹೇಳಿದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಆ ಕಪಾಟಿನಲ್ಲಿ ಪ್ರೊಫೆಸರರ ನಾಲ್ಕು ಪುಸ್ತಕಗಳಿದ್ದವು, ಒಂದರ ಹಾಳೆಗಳು ಅಂಚಿನಲ್ಲಿ ಇನ್ನೂ ಅಂಟಿಕೊಂಡೇ ಇದ್ದವು.

ಸ್ಕೇಲಿನಿಂದ ಎಳೆಯುವಾಗ ಒಂದು ಕಾದಂಬರಿ ಕೆಳಗೆ ಬಿದ್ದು ಅಂಗಾತ ತೆರೆದುಕೊಂಡಿತು. ಮೂವತ್ತಮೂರನೇ ಪುಟ. ಪುಟಸಂಖ್ಯೆಯ ಪಕ್ಕದಲ್ಲಿ ಸಾಲಾಗಿ ಎಂಟು ಹತ್ತು ಪುಟ್ಟ ಗುರುತುಗಳು: ಒಂದು ಅಧಿಕ ಚಿಹ್ನೆ, ಒಂದು ಸೊನ್ನೆ, ಒಂದು ಎಲೆಯಂಥದ್ದು, ಇನ್ನೊಂದು ಮೀನಿನಂಥದ್ದು. ಯಾರೋ ಮಗು ಗೀಚಿದ್ದಿರಬೇಕೆಂದುಕೊಂಡು ಪ್ರೊಫೆಸರ್ ಪಕ್ಕದ ಪುಸ್ತಕ ತೆಗೆದರು. ಅದರ ಮೂವತ್ತಮೂರನೇ ಪುಟದಲ್ಲೂ ಅವೇ ಗುರುತುಗಳಿದ್ದವು. ಮೂರನೆಯದರಲ್ಲೂ ಇದ್ದವು. ಆಮೇಲೆ ಸ್ಕೇಲು ಬದಿಗಿಟ್ಟು ಎರಡೂ ಕೈಯಿಂದ ಪುಸ್ತಕ ಎಳೆಯತೊಡಗಿದರು. ಹನ್ನೆರಡು ಗಂಟೆಯೊಳಗೆ ಅರವತ್ತು ಪುಸ್ತಕ ನೋಡಿದರು, ಗುರುತಿಲ್ಲದ್ದು ಒಂದೂ ಸಿಗಲಿಲ್ಲ.

ಇದೇನೆಂದು ಕೇಳಿದಾಗ ಗ್ರಂಥಪಾಲಕ ಕತ್ತು ತುರಿಸಿಕೊಂಡ. ಉತ್ತರ ಕೊಟ್ಟದ್ದು ಪತ್ರಿಕೆಯ ಮೇಜಿನಿಂದ ಎದ್ದು ಬಂದ ಹೆಂಗಸು. ಎಪ್ಪತ್ತರ ಹತ್ತಿರದವಳು, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಅಲ್ಲಿ ಎಲ್ಲರೂ ಅವಳನ್ನು ನರ್ಸಮ್ಮ ಎನ್ನುತ್ತಿದ್ದರು.

"ಅದು ನಾವು ಹಾಕೋದು ಮೇಡಂ," ಎಂದಳು ನರ್ಸಮ್ಮ. "ವಾರಕ್ಕೆ ಮೂರು ಪುಸ್ತಕ ಒಯ್ತೀವಿ. ಹೆಸರು ನೆನಪಿರಲ್ಲ. ರಟ್ಟು ಹೊಸದು ಹಾಕಿಬಿಟ್ಟರೆ ಮುಖವೂ ಗೊತ್ತಾಗಲ್ಲ. ಮನೆಗೆ ಹೋಗಿ ಕೂತು ನಾಲ್ಕು ಪುಟ ಓದಿದ ಮೇಲೆ, ಅಯ್ಯೋ ಇದು ಓದಿದ್ದೇ ಅಂತ ಗೊತ್ತಾದರೆ ಒಂದು ವಾರ ಹಾಳು. ಅದಕ್ಕೆ ಓದಿ ಮುಗಿಸಿದವರು ಅಲ್ಲೊಂದು ಗುರುತು ಹಾಕ್ತೀವಿ. ಒಬ್ಬೊಬ್ಬರದು ಒಂದೊಂದು."

"ಓದಿದ್ದು ನೆನಪೇ ಇರಲ್ಲ ಅಂದಮೇಲೆ ಓದೋದಾದರೂ ಯಾಕೆ?"

"ಮೂವತ್ತೆಂಟು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದೀನಿ. ರೋಗಿಗಳ ಹೆಸರು ಹತ್ತೂ ನೆನಪಿಲ್ಲ. ಹಾಗಂತ ಅವರನ್ನ ನೋಡಿಕೊಳ್ಳಲಿಲ್ಲ ಅಂತ ಆಗುತ್ತಾ?"

ಪ್ರೊಫೆಸರ್ ನೀನು ಯಾರು ಎಂಬಂತೆ ಒಮ್ಮೆ ನೋಡಿ ಗ್ರಂಥಪಾಲಕನಿಗೆ ನಿಯಮ ಓದಿ ಹೇಳಿದರು. ಪುಸ್ತಕದ ಮೇಲೆ ಬರೆಯುವುದು, ಗೀಚುವುದು ಹಾನಿ ಎನಿಸಿಕೊಳ್ಳುತ್ತದೆ. ಹಾನಿ ಮಾಡಿದವರ ಸದಸ್ಯತ್ವ ರದ್ದಾಗುತ್ತದೆ. ಹಾನಿಯಾದ ಪುಸ್ತಕ ರದ್ದಿಗೆ ಹೋಗುತ್ತದೆ. ಈ ಮೂರು ಸಾಲು ಕಪಾಟಿನ ಪುಸ್ತಕಗಳು ಎಷ್ಟಿವೆ ಎಂದು ಕೇಳಿದರು. ಆರುನೂರ ನಲವತ್ತೆರಡು ಎಂದ ಗ್ರಂಥಪಾಲಕ. ಶುಕ್ರವಾರ ವರದಿ ಮಂಡಳಿಗೆ ಹೋಗುತ್ತದೆ, ಅಷ್ಟರಲ್ಲಿ ಯಾವ ಗುರುತು ಯಾರದು ಎಂದು ಪಟ್ಟಿ ಮಾಡಿಕೊಡಬೇಕು ಎಂದರು ಪ್ರೊಫೆಸರ್. ಅದು ತನಗೆ ಗೊತ್ತಿಲ್ಲವೆಂದ ಗ್ರಂಥಪಾಲಕ. ಒಂಬತ್ತು ವರ್ಷದಿಂದ ಕಣ್ಣೆದುರಿಗೆ ನಡೆಯುತ್ತಿರುವುದು ಗೊತ್ತಿಲ್ಲವೆಂದರೆ ನಿಮ್ಮ ಕೆಲಸದ ಬಗ್ಗೆಯೂ ಬರೆಯಬೇಕಾಗುತ್ತದೆ ಎಂದರು ಪ್ರೊಫೆಸರ್. ಅವನು ಮುಖ ಸಣ್ಣಗೆ ಮಾಡಿಕೊಂಡ, ಆದರೂ ಹೆಸರು ಹೇಳಲಿಲ್ಲ.

"ಅಧಿಕ ಚಿಹ್ನೆ ನನ್ನದು, ಬರೆದುಕೊಳ್ಳಿ," ಎಂದಳು ನರ್ಸಮ್ಮ. "ಉಳಿದವರದ್ದು ನನ್ನ ಕೇಳಬೇಡಿ. ಒಂದೇ ಒಂದು ಮಾತು ಮೇಡಂ. ನನ್ನ ಮನೇಲಿ ನಾನೊಬ್ಬಳೇ ಇರೋದು. ಶನಿವಾರ ಇಲ್ಲಿಗೆ ಬರ್ತೀನಿ ಅನ್ನೋದರ ಮೇಲೆ ವಾರದ ಉಳಿದ ದಿನ ಕಳೆಯುತ್ತೆ. ಕಾರ್ಡು ಕಿತ್ತುಕೊಂಡ ಮೇಲೆ ಏನು ಮಾಡಲಿ ಅಂತ ಆ ವರದಿಯಲ್ಲೇ ಒಂದು ಸಾಲು ಬರೆದುಬಿಡಿ."

ಟಿವಿ ನೋಡಿ ಎಂದರು ಪ್ರೊಫೆಸರ್. ಹಾಗೆ ಹೇಳುವಾಗ ಅವರಿಗೆ ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಟಿವಿ ನೋಡುತ್ತಾ ಕೂತಿರುವ ಅಮ್ಮನ ನೆನಪಾಗಿತ್ತು. ಈ ಓದುಗರಿಗೂ ಅಮ್ಮನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ, ಇವರ ಕೈಯಲ್ಲಿ ಪುಸ್ತಕವಿದೆ, ಅಷ್ಟೇ ಎನಿಸಿತು. ಅಮ್ಮನನ್ನು ಅವರು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ಕಣ್ಣಿನ ಆಪರೇಷನ್ನು, ಯಾವುದರಲ್ಲೂ ಕೊರತೆ ಮಾಡಿರಲಿಲ್ಲ. ಅಮ್ಮನ ಜೊತೆ ಮಾತನಾಡಲು ವಿಷಯವಿರಲಿಲ್ಲ, ಅಷ್ಟೇ. ನಮ್ಮ ಮನೆಯಲ್ಲಿ ಪುಸ್ತಕವೆಂಬ ವಸ್ತುವೇ ಇರಲಿಲ್ಲ, ಅಮ್ಮ ಅಕ್ಷರದ ಸಹವಾಸ ಮಾಡಿದವಳಲ್ಲ, ಅಂಥ ಮನೆಯಿಂದ ನಾನು ಬಂದೆ ಎಂದು ಪ್ರೊಫೆಸರ್ ಎಷ್ಟೋ ಸಭೆಗಳಲ್ಲಿ ಹೇಳಿದ್ದರು. ಆಗಿನ ಗ್ರಂಥಪಾಲಕರೊಬ್ಬರು ತಮ್ಮ ಪ್ರತಿಭೆ ಗುರುತಿಸಿ ಒಳ್ಳೊಳ್ಳೆಯ ಕೃತಿಗಳನ್ನು ಮನೆಗೆ ಕಳಿಸಿಕೊಡುತ್ತಿದ್ದರೆಂದೂ ಹೇಳುತ್ತಿದ್ದರು. ಆ ಮಾತಿಗೆ ಪ್ರತಿ ಸಲವೂ ಚಪ್ಪಾಳೆ ಬೀಳುತ್ತಿತ್ತು.

ಊಟದ ಹೊತ್ತು ಕಳೆದ ಮೇಲೆ ಹಳೆಯ ಪುಸ್ತಕಗಳಿದ್ದ ಗೋಡೆಯ ಕೊನೆಯ ಕಪಾಟು ಮಾತ್ರ ಉಳಿದಿತ್ತು. ಕೆಳಗಿನ ಅರೆಯಲ್ಲಿ ಬಗ್ಗಿ ನೋಡಿದ ಪ್ರೊಫೆಸರ್ ಹಾಗೇ ನಿಂತರು. ಹಸಿರು ರಟ್ಟು, ಅದರ ಮೇಲೆ ಜೇಬುಗಡಿಯಾರ ಹಿಡಿದ ಹೆಂಗಸಿನ ಚಿತ್ರ. ಗಡಿಯಾರ ರಿಪೇರಿ ಮಾಡುವ ಒಬ್ಬ ವಿಧವೆ, ರಿಪೇರಿಗೆ ಬಂದ ಗಡಿಯಾರ ಬಿಚ್ಚಿ ನೋಡಿಯೇ ಕಳ್ಳರನ್ನೂ ಕೊಲೆಗಾರರನ್ನೂ ಹಿಡಿಯುವ ಕಥೆಗಳು ಅವು. ಒಟ್ಟು ಹದಿನೆಂಟು ಭಾಗ. ಒಂಬತ್ತನೇ ವಯಸ್ಸಿನಿಂದ ಹದಿಮೂರರವರೆಗೆ ಪ್ರೊಫೆಸರ್ ಉಸಿರಾಡಿದ್ದೇ ಅವುಗಳಲ್ಲಿ. ದೊಡ್ಡವಳಾದ ಮೇಲೆ ಗಡಿಯಾರದ ಅಂಗಡಿ ಇಡುತ್ತೇನೆ ಎಂದು ಹಟ ಹಿಡಿದಿದ್ದೂ ಉಂಟು. ಸಭೆಗಳಲ್ಲಿ ಹೇಳುವ ಒಳ್ಳೊಳ್ಳೆಯ ಕೃತಿಗಳ ಪಟ್ಟಿಯಲ್ಲಿ ಇವು ಇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಅಕ್ಕಪಕ್ಕ ನೋಡಿ, ಯಾರೂ ಗಮನಿಸುತ್ತಿಲ್ಲವೆಂದು ಖಚಿತ ಮಾಡಿಕೊಂಡು ಮೊದಲ ಭಾಗ ತೆಗೆದರು. ಎಷ್ಟು ಕೆಟ್ಟದಾಗಿ ಬರೆದಿದ್ದಾನೆ ನೋಡೋಣ ಎನ್ನುವುದು ಅವರು ತಮಗೆ ತಾವೇ ಕೊಟ್ಟುಕೊಂಡ ನೆಪ. ನಿಂತೇ ಮೂರು ಪುಟ ಓದಿದರು. ಆಮೇಲೆ ಮೇಲಿನ ಅರೆಗೆ ಕೈ ಎಟುಕದವರು ಹತ್ತುವ ಮರದ ಸ್ಟೂಲಿನ ಮೇಲೆ ಕೂತರು. ಗ್ರಂಥಪಾಲಕ ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ಅಂಗಡಿಯ ಒಂದೊಂದು ಗಡಿಯಾರವೂ ಒಂದೊಂದು ಸಮಯ ತೋರಿಸುವ ಕಡೆ ಪ್ರೊಫೆಸರ್ ಸದ್ದು ಮಾಡಿ ನಕ್ಕರು. ಪತ್ರಿಕೆಯ ಮೇಜಿನಿಂದ ನರ್ಸಮ್ಮ ತಲೆಯೆತ್ತಿ ನೋಡಿದಳು. ಅವಳು ಊಟಕ್ಕೂ ಹೋಗದೆ ಹಟ ಹಿಡಿದವಳಂತೆ ಅಲ್ಲೇ ಕೂತಿದ್ದಳು.

ವಿಧವೆ ಸತ್ತವನ ಗಡಿಯಾರ ಬಿಚ್ಚುತ್ತಾಳೆ. ಅವನು ಸತ್ತ ಮೇಲೆ ಯಾರೋ ಅದಕ್ಕೆ ಕೀಲಿ ಕೊಟ್ಟಿದ್ದಾರೆ ಎಂದು ಅವಳಿಗೆ ತಿಳಿಯುತ್ತದೆ. ಮುಂದಿನ ಪುಟಕ್ಕಾಗಿ ಬೆರಳು ಹಾಳೆಯ ಮೂಲೆಗೆ ಹೋದಾಗ ಪುಟಸಂಖ್ಯೆಯ ಪಕ್ಕದ ಗುರುತುಗಳು ಪ್ರೊಫೆಸರರ ಕಣ್ಣಿಗೆ ಬಿದ್ದವು. ಎಲ್ಲಕ್ಕಿಂತ ಮೊದಲಿನದು ಪೆನ್ಸಿಲಿನದಲ್ಲ. ಕಡುಕಪ್ಪು ಶಾಯಿಯದು. ಅರ್ಧ ವೃತ್ತ, ಅದರ ಕೆಳಗೆ ಎರಡು ಚುಕ್ಕೆ.

ಆ ಗುರುತು ಯಾರದೆಂದು ಪ್ರೊಫೆಸರ್ ಯೋಚಿಸಬೇಕಾಗಿ ಬರಲಿಲ್ಲ. ಅಮ್ಮ ಇಪ್ಪತ್ತೆರಡು ವರ್ಷ ಲಾಂಡ್ರಿಯಲ್ಲಿ ಕೆಲಸ ಮಾಡಿದ್ದಳು. ಒಬ್ಬರ ಬಟ್ಟೆ ಇನ್ನೊಬ್ಬರದ್ದರೊಂದಿಗೆ ಸೇರಿಹೋಗದಂತೆ ಒಗೆಯಲು ಬಂದ ಪ್ರತಿ ಬಟ್ಟೆಯ ಒಳಗೂ ಗಿರಾಕಿಯ ಗುರುತು ಬರೆಯುವುದು ಅವಳ ಕೆಲಸ. ನೂರು ಸಲ ಒಗೆದರೂ ಹೋಗದ ಶಾಯಿ ಅದು. ಸ್ವಂತ ಮನೆಯ ಬಟ್ಟೆಗೂ ಒಂದು ಗುರುತಿತ್ತು: ಅರ್ಧ ವೃತ್ತ, ಎರಡು ಚುಕ್ಕೆ. ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗಿಯರು ಕಾಲರ್ ಮಡಚಿ ಅದನ್ನು ನೋಡಿ ನಕ್ಕಿದ್ದರು. ಮನೆಗೆ ಬಂದು ಬ್ಲೇಡಿನಿಂದ ಕೆರೆದು ಕೆರೆದು ಕಾಲರಿಗೆ ತೂತು ಬೀಳಿಸಿಕೊಂಡಿದ್ದು ಪ್ರೊಫೆಸರರಿಗೆ ನಿನ್ನೆಯಷ್ಟು ಸ್ಪಷ್ಟವಾಗಿತ್ತು.

ಎರಡನೇ ಭಾಗ ತೆಗೆದರು. ಅದೇ ಗುರುತು. ಮೂರು, ನಾಲ್ಕು, ಐದು. ಏಳನೇ ಭಾಗದಲ್ಲಿ ಮಾತ್ರ ಅರ್ಧ ವೃತ್ತವಿರಲಿಲ್ಲ, ಅದೇ ಶಾಯಿಯಲ್ಲಿ ಒಂದು ಅಡ್ಡಗೆರೆ ಇತ್ತು. ಏಳನೇ ಭಾಗ ಮನೆಗೆ ಬಂದೇ ಇರಲಿಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ ಅಮ್ಮ ಒಲೆಯ ಕಡೆ ಮುಖ ಮಾಡಿಕೊಂಡು, ಅದು ಬೇಡ, ಅದು ಚೆನ್ನಾಗಿಲ್ಲವಂತೆ ಎಂದಿದ್ದಳು. ಹಾಗೆಂದು ಗ್ರಂಥಪಾಲಕರು ಹೇಳಿ ಕಳಿಸಿದ್ದಾರೆ ಎಂದು ಮಗಳು ತಿಳಿದುಕೊಂಡಿದ್ದಳು. ವಾರವಾರ ಪುಸ್ತಕ ಹೊತ್ತು ತರುತ್ತಿದ್ದವಳು ಅಮ್ಮ. ತರುವವಳು ಓದಿರಬಹುದು ಎಂಬ ಅನುಮಾನ ನಲವತ್ತೇಳು ವರ್ಷದಲ್ಲಿ ಒಂದು ಸಲವೂ ಈ ಮಹಾ ವಿಮರ್ಶಕಿಯ ತಲೆಗೆ ಹೊಳೆದಿರಲಿಲ್ಲ.

ಪುಸ್ತಕ ಹಿಡಿದುಕೊಂಡು ಅವರು ನರ್ಸಮ್ಮನ ಬಳಿ ಹೋದರು. ಗುರುತಿನ ಮೇಲೆ ಬೆರಳಿಟ್ಟು ಇದು ಯಾರದು ಎಂದು ಕೇಳಿದರು.

ನರ್ಸಮ್ಮ ಕನ್ನಡಕ ಸರಿ ಮಾಡಿಕೊಂಡಳು. "ಅವರ ಕಾರ್ಡು ಕಿತ್ತುಕೊಳ್ಳೋಕೆ ಆಗಲ್ಲ ಮೇಡಂ. ನಾನು ಸೇರೋ ಹೊತ್ತಿಗೇ ಬಿಟ್ಟು ಹೋಗಿದ್ದರು. ಲಾಂಡ್ರಿಯಲ್ಲಿ ಇದ್ದವರಂತೆ. ಈ ಗುರುತು ಹಾಕೋ ಪದ್ಧತಿ ಶುರುಮಾಡಿದ್ದೇ ಅವರು. ಅವರದ್ದು ಅರ್ಧ ವೃತ್ತ ಇದ್ದರೆ ನಾವು ಕಣ್ಣುಮುಚ್ಚಿಕೊಂಡು ಪುಸ್ತಕ ಒಯ್ತೀವಿ, ಒಂದು ಸಲವೂ ಮೋಸ ಆಗಿಲ್ಲ. ಅಡ್ಡಗೆರೆ ಎಳೆದಿದ್ದರೆ ಮುಟ್ಟೋದೇ ಇಲ್ಲ. ಅವರಷ್ಟು ತಿಳಿದವರು ಈ ಕಡೆ ಯಾರೂ ಇರಲಿಲ್ಲ ಅಂತಾರೆ ಹಳಬರು."

"ಈಗ ಎಲ್ಲಿದಾರೆ?"

"ಮಗಳ ಮನೆಗೆ ಹೋದರಂತೆ. ಮಗಳು ಭಾರೀ ಓದಿದವಳು, ಮನೆ ತುಂಬ ಪುಸ್ತಕ ಅಂತ ಹೇಳ್ತಿದ್ದರಂತೆ. ಪುಣ್ಯ ಮಾಡಿದ್ದರು ಅಂತ ನಾವೆಲ್ಲ ಮಾತಾಡಿಕೊಂಡ್ವಿ."

ಪ್ರೊಫೆಸರರ ಮನೆಯಲ್ಲಿ ನಿಜವಾಗಿಯೂ ಮನೆ ತುಂಬ ಪುಸ್ತಕವಿತ್ತು. ಎಲ್ಲವೂ ಗಾಜಿನ ಕಪಾಟುಗಳಲ್ಲಿ. ಒಬ್ಬ ವಿದ್ಯಾರ್ಥಿ ಒಯ್ದದ್ದನ್ನು ಹಿಂದಿರುಗಿಸದೆ ಹೋದ ಮೇಲೆ ಕಪಾಟುಗಳಿಗೆ ಬೀಗ ಬಿದ್ದಿತ್ತು. ಬೀಗದ ಕೈ ಸದಾ ಪ್ರೊಫೆಸರರ ಕೈಚೀಲದಲ್ಲಿರುತ್ತಿತ್ತು, ಈಗಲೂ ಇತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಆ ಮನೆಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಹದಿನಾಲ್ಕು ವರ್ಷದಲ್ಲಿ ಅವಳ ಕೈಗೆ ಒಂದು ಕಥೆಪುಸ್ತಕ ಕೊಡಬೇಕೆಂದು ಯಾರಿಗೂ ಅನಿಸಿರಲಿಲ್ಲ. ಪ್ರೊಫೆಸರರಿಗೆ ನಾಚಿಕೆಯಾಯಿತು. ಬೇರೆಯವರನ್ನು ನಾಚಿಸಿ ಅಭ್ಯಾಸವಿತ್ತೇ ಹೊರತು ತಾವು ನಾಚಿಕೆಪಟ್ಟು ಅಭ್ಯಾಸವಿರಲಿಲ್ಲ, ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಕೌಂಟರಿಗೆ ಹೋಗಿ ಮೊದಲ ಭಾಗವನ್ನೂ ಏಳನೆಯದನ್ನೂ ಒಯ್ಯಬಹುದೇ ಎಂದು ಕೇಳಿದರು. ಕಾರ್ಡು ಇಲ್ಲದವರಿಗೆ ಕೊಡುವಂತಿರಲಿಲ್ಲ. ಬೆಳಗ್ಗೆಯಿಂದ ಬೈಸಿಕೊಂಡಿದ್ದ ಗ್ರಂಥಪಾಲಕ ಎರಡನ್ನೂ ತನ್ನ ಹೆಸರಿನಲ್ಲಿ ಬರೆದುಕೊಟ್ಟ.

ಮನೆಗೆ ಬಂದಾಗ ಸಂಜೆ ಆರು ಗಂಟೆ. ಹಿಂದಿನ ಕೋಣೆಯಲ್ಲಿ ಟಿವಿಯಲ್ಲಿ ಯಾರೋ ಅಳುತ್ತಿದ್ದರು, ಅಮ್ಮ ಅದರ ಕಡೆ ನೋಡದೆ ಒಗೆದ ಬಟ್ಟೆ ಮಡಚುತ್ತಿದ್ದಳು. ಎಪ್ಪತ್ತೊಂಬತ್ತರಲ್ಲೂ ಅವಳು ಮಡಚಿದ ಬಟ್ಟೆ ಇಸ್ತ್ರಿ ಹಾಕಿದಂತಿರುತ್ತಿತ್ತು. ಪ್ರೊಫೆಸರ್ ಮಂಚದ ಮೇಲೆ, ಮಡಚಿದ ಬಟ್ಟೆಗಳ ಪಕ್ಕದಲ್ಲಿ ಹಸಿರು ರಟ್ಟಿನ ಪುಸ್ತಕವಿಟ್ಟರು. ಅಮ್ಮನ ಕೈ ನಿಂತಿತು. ಟಿವಿ ಆರಿಸಿದಳು. ಪುಸ್ತಕವನ್ನು ಎತ್ತಿಕೊಂಡು ಬೆನ್ನಿನ ಅಂಟು ಸವರಿ ನೋಡಿದಳು.

"ಇನ್ನೂ ಇಟ್ಟಿದಾರಾ ಇದನ್ನ," ಎಂದಳು.

ನೀನು ಓದುತ್ತಿದ್ದೆ ಎಂದು ನನಗೇಕೆ ಹೇಳಲಿಲ್ಲ ಎಂದು ಮಗಳು ಕೇಳಿದರು. ಅಮ್ಮ ಮೊದಲು ಮಾತು ಹಾರಿಸಿದಳು. ಆಮೇಲೆ ಒಂದೊಂದಾಗಿ ಹೊರಬಂತು. ಇಸ್ತ್ರಿ ಪೆಟ್ಟಿಗೆ ಕಾಯುವ ಹೊತ್ತಿನಲ್ಲಿ, ಲಾಂಡ್ರಿಯ ಹಿಂದಿನ ಕಟ್ಟೆಯ ಮೇಲೆ ಕೂತು ಓದುತ್ತಿದ್ದಳು. ಮನೆಯಲ್ಲಿ ಒಮ್ಮೆ ಪುಸ್ತಕ ಹಿಡಿದದ್ದಕ್ಕೆ ಅಪ್ಪ, ಓದಿ ಏನು ಕಡಿದು ಕಟ್ಟೆ ಹಾಕುತ್ತೀಯ ಎಂದು ಬಂದವರೆದುರಿಗೆಲ್ಲ ಆಡಿಕೊಂಡು ನಕ್ಕಿದ್ದ. ಒಂದು ತಿಂಗಳು ಅದೇ ತಮಾಷೆ ನಡೆದಿತ್ತು. ಅಂದಿನಿಂದ ಮಗಳಿಗೆ ಎಂದು ಹೇಳಿ ತರುವುದು, ಲಾಂಡ್ರಿಯಲ್ಲಿ ಓದಿ ಮುಗಿಸುವುದು, ಚೆನ್ನಾಗಿದ್ದರೆ ಮಾತ್ರ ಮಗಳಿಗೆ ಕೊಡುವುದು.

"ಏಳನೇದು?"

"ಅದಾ. ಕೊಲೆ ಮಾಡಿದವನು ಯಾರು ಅಂತ ಬರೆದವನಿಗೇ ಕೊನೇ ತನಕ ಗೊತ್ತಿಲ್ಲ. ಅಂಥದ್ದು ಓದಿ ನೀನು ಹಾಳಾಗಬಾರದು ಅಂತ ವಾಪಸ್ ಕೊಟ್ಟೆ."

ಪ್ರೊಫೆಸರ್ ಮಂಚದ ಅಂಚಿನಲ್ಲಿ ಕೂತರು. ಸಭೆಗಳಲ್ಲಿ ನಾನು ಹೇಳುತ್ತಿದ್ದುದನ್ನು ನೀನು ಕೇಳಿದ್ದೀಯಲ್ಲ ಎಂದರು.

"ಮುಂದಿನ ಸಾಲಲ್ಲೇ ಕೂರಿಸಿದ್ದೆಯಲ್ಲ, ಕೇಳದೆ ಏನು," ಎಂದಳು ಅಮ್ಮ. "ಅಮ್ಮ ಅಕ್ಷರ ಮುಟ್ಟಿದವಳಲ್ಲ ಅಂದೆ. ಜನ ಚಪ್ಪಾಳೆ ಹೊಡೆದರು. ಎದ್ದು ನಿಂತು ಸುಳ್ಳು ಅನ್ನಬೇಕಿತ್ತಾ? ನಿನಗೆ ಅದರಿಂದ ಒಳ್ಳೆಯದಾಗೋದಾದರೆ ಆಗಲಿ ಅಂದುಕೊಂಡೆ."

ಟಿವಿಯ ಪಕ್ಕದ ಹಲಗೆಯ ಮೇಲೆ ಪ್ರೊಫೆಸರರ ಹನ್ನೊಂದು ಪುಸ್ತಕಗಳೂ ಸಾಲಾಗಿ ನಿಂತಿದ್ದವು. ಪ್ರತಿಯೊಂದು ಬಿಡುಗಡೆಯಾದಾಗಲೂ ಒಂದು ಪ್ರತಿಯನ್ನು ತಂದು ಅಮ್ಮನ ಕೋಣೆಯಲ್ಲಿಡುವುದು ವಾಡಿಕೆಯ ಪ್ರಕಾರ ನಡೆದಿತ್ತು. ಪ್ರೊಫೆಸರ್ ಮೊದಲನೆಯದನ್ನು ತೆಗೆದು ಮೂವತ್ತಮೂರನೇ ಪುಟ ನೋಡಿದರು. ಎರಡನೆಯದನ್ನು ನೋಡಿದರು. ಅರ್ಧ ವೃತ್ತವೂ ಇರಲಿಲ್ಲ, ಅಡ್ಡಗೆರೆಯೂ ಇರಲಿಲ್ಲ. ಮೂರನೆಯದಕ್ಕೆ ಕೈ ಹಾಕಿದಾಗ, ಸುಮ್ಮನೆ ಹುಡುಕಬೇಡ ಎಂದಳು ಅಮ್ಮ.

"ಹನ್ನೊಂದೂ ತೆಗೆದು ಕೂತೆ ಕಣೇ. ಒಂದರಲ್ಲೂ ಅಲ್ಲಿತನಕ ಹೋಗೋಕೆ ಆಗಲಿಲ್ಲ. ನಿನ್ನದಕ್ಕೆ ಅಡ್ಡಗೆರೆ ಎಳೆಯೋಕೂ ಮನಸ್ಸು ಬರಲಿಲ್ಲ."

"ಅರ್ಥ ಆಗಲಿಲ್ವಾ?"

"ಅರ್ಥ ಆಗದೆ ಏನು. ಎಲ್ಲಿ ತೆಗೆದರೂ ಯಾರನ್ನಾದರೂ ಆಡಿಕೊಳ್ತಾ ಇರ್ತೀಯ. ನಿಮ್ಮಪ್ಪನ ಬಾಯಲ್ಲಿ ಕೇಳಿದ್ದೇ ನನಗೆ ಸಾಕಾಗಿತ್ತು."

ಅಮ್ಮ ಅದನ್ನು ಬೈಗುಳದಂತೆ ಹೇಳಲಿಲ್ಲ, ಬಟ್ಟೆಯ ಕಲೆ ಹೋಗಲಿಲ್ಲ ಎಂದು ಗಿರಾಕಿಗೆ ತಿಳಿಸುವಂತೆ ಹೇಳಿದಳು. ಹೇಳಿ ಮುಗಿಸಿ ಹಸಿರು ಪುಸ್ತಕ ತೆರೆದು ಓದಲು ಕೂತಳು. ಪ್ರೊಫೆಸರ್ ಹೊರಗೆ ಬಂದು ಕಪಾಟುಗಳ ಬೀಗಗಳನ್ನೆಲ್ಲ ತೆಗೆದರು. ಕಂಡವರನ್ನೆಲ್ಲ ಆಡಿಕೊಳ್ಳುವ ಅಪ್ಪನ ನಗು ಅವರಿಗೂ ಚೆನ್ನಾಗಿ ನೆನಪಿತ್ತು. ಅಪ್ಪನನ್ನು ಅವರು ಆ ನಗುವಿಗಾಗಿಯೇ ದ್ವೇಷಿಸಿದ್ದರು. ಅದೇ ನಗುವನ್ನು ಹನ್ನೊಂದು ಸಂಪುಟಗಳಲ್ಲಿ ಅಚ್ಚು ಹಾಕಿಸಿ, ಹಾರ ಹಾಕಿಸಿಕೊಂಡು ತಿರುಗಿದ್ದೇನೆ ಎಂದು ಈಗ ತಿಳಿಯಿತು.

ವರದಿ ಬರೆಯಲು ಅವರು ಭಾನುವಾರ ಕೂತರು. ಒಂದೇ ಸಲಕ್ಕೆ ಸಾಧುವಾಗಿಬಿಟ್ಟರು ಎಂದು ಯಾರೂ ತಿಳಿಯಬಾರದು. ಮೊದಲ ಕರಡಿನಲ್ಲಿ ಗ್ರಂಥಾಲಯ ಮಂಡಳಿಯನ್ನು ಹಿಗ್ಗಾಮುಗ್ಗಾ ಝಾಡಿಸಿದ್ದರು. ನಿಯಮ ಬರೆದವರ ತಲೆಯಲ್ಲಿ ಏನಿದೆ ಎಂದು ಕೇಳಿದ್ದರು. ಮತ್ತೆ ಓದಿದಾಗ ಅದು ಹನ್ನೆರಡನೇ ಪುಸ್ತಕದ ಮೊದಲ ಅಧ್ಯಾಯದಂತೆ ಕಂಡಿತು. ಹರಿದು ಹಾಕಿದರು. ಎರಡನೆಯ ಕರಡಿನಲ್ಲಿ ಕೀಳು, ಹಾಸ್ಯಾಸ್ಪದ, ಅಪ್ರಬುದ್ಧ ಎಂಬ ಮಾತುಗಳಿಗೆ ಗೆರೆ ಎಳೆಯುತ್ತಾ ಹೋದರು. ಗೆರೆ ಎಳೆದ ಮೇಲೆ ಕೆಲವು ಕಡೆ ವಾಕ್ಯದಲ್ಲಿ ಏನೂ ಉಳಿಯುತ್ತಿರಲಿಲ್ಲ. ಬುಧವಾರ ಮತ್ತೆ ಶಾಖೆಗೆ ಹೋಗಿ ನರ್ಸಮ್ಮನ ಎದುರು ಕುರ್ಚಿ ಎಳೆದುಕೊಂಡು ಕೂತು, ಯಾವ ಪುಸ್ತಕ ಯಾರಿಗೆ ಏಕೆ ಹಿಡಿಸಿತು ಎಂದು ಕೇಳಿ ಬರೆದುಕೊಂಡರು. ನರ್ಸಮ್ಮ ಮೊದಮೊದಲು ಬಿಗಿಯಾಗಿಯೇ ಇದ್ದಳು. ಆ ಗುರುತು ನಮ್ಮಮ್ಮನದು ಎಂದು ಪ್ರೊಫೆಸರ್ ಹೇಳಿದ ಮೇಲೆ ಮನೆ ತುಂಬ ಪುಸ್ತಕವಿರುವ ಮಗಳು ನೀವೇನಾ ಎಂದು ಕೇಳಿದಳು. ಹೌದು ಎನ್ನುವುದು ಪ್ರೊಫೆಸರರಿಗೆ ಬಹಳ ಕಷ್ಟವಾಯಿತು.

ಗುರುವಾರ ಮಧ್ಯಾಹ್ನ ವರದಿ ಮುಗಿಯಿತು. ನಾಲ್ಕು ಪುಟ. ಆರುನೂರ ನಲವತ್ತೆರಡು ಪುಸ್ತಕಗಳಲ್ಲಿ ಒಂದನ್ನೂ ತೆಗೆಯಬಾರದು, ಯಾರ ಕಾರ್ಡನ್ನೂ ರದ್ದು ಮಾಡಬಾರದು ಎಂದು ಅದರಲ್ಲಿ ಬರೆದಿತ್ತು. ಆ ಗುರುತುಗಳು ಹಾನಿಯಲ್ಲ, ಪುಸ್ತಕಗಳನ್ನು ಜನ ಕೊನೆಯವರೆಗೆ ಓದಿದ್ದಾರೆ ಎಂಬುದಕ್ಕೆ ಶಾಖೆಯಲ್ಲಿರುವ ಒಂದೇ ದಾಖಲೆ ಎಂದಿತ್ತು. ಹೊಸ ಪುಸ್ತಕ ಕೊಳ್ಳುವಾಗ ಈ ಓದುಗರನ್ನು ಕೇಳಬೇಕೆಂದಿತ್ತು. ಮೂರನೇ ಪುಟದಲ್ಲಿ ಲಾಂಡ್ರಿಯ ಹಿಂದಿನ ಕಟ್ಟೆ, ಅಲ್ಲಿ ಕೂತು ಓದುತ್ತಿದ್ದ ಹೆಂಗಸು, ಅವಳು ತಿರಸ್ಕರಿಸಿದ ಏಳನೇ ಭಾಗ ಎಲ್ಲವೂ ಬಂದಿದ್ದವು. ತನ್ನ ತಾಯಿಯ ಬಗ್ಗೆ ಅಧ್ಯಕ್ಷೆ ಸಭೆಗಳಲ್ಲಿ ಆಡುತ್ತಾ ಬಂದದ್ದು ಸುಳ್ಳು ಎಂಬ ಒಂದು ಸಾಲೂ ಇತ್ತು. ಮಂಡಳಿಯವರು ಓದಿ ನಗಬಹುದು ಎಂದು ಗೊತ್ತಿದ್ದೇ ಪ್ರೊಫೆಸರ್ ಅದನ್ನು ಉಳಿಸಿಕೊಂಡಿದ್ದರು.

ಕಳಿಸುವ ಮುನ್ನ ನಾಲ್ಕು ಹಾಳೆಗಳನ್ನೂ ಹಿಂದಿನ ಕೋಣೆಗೆ ತಂದು ಅಮ್ಮನ ಕೈಗೆ ಕೊಟ್ಟರು. ಅಮ್ಮ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡಳು. ನಿನ್ನೆ ಮೊನ್ನೆಯವರೆಗೂ ಊರ ಲೇಖಕರನ್ನೆಲ್ಲ ನಡುಗಿಸಿದ್ದ ಪ್ರೊಫೆಸರ್ ಬಾಗಿಲ ಬಳಿ ನಿಂತು ಬೆರಳು ಹಿಸುಕಿಕೊಳ್ಳುತ್ತಿದ್ದರು. ಅಮ್ಮ ಮೊದಲ ಹಾಳೆ ಮುಗಿಸಿ ಕೆಳಗಿಟ್ಟಳು. ಎರಡನೆಯದರ ನಡುವೆ ಒಮ್ಮೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡಳು. ಮೂರನೆಯದನ್ನು ನಿಧಾನವಾಗಿ ಓದಿದಳು. ಯಾವ ಹಾಳೆಯನ್ನೂ ಹಾರಿಸಲಿಲ್ಲ.

ನಾಲ್ಕನೆಯದು ಮುಗಿದ ಮೇಲೆ ಅದನ್ನು ತಿರುಗಿಸಿ ಹಿಂಬದಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

"ಮುಂದಿನದು ಕೊಡು," ಎಂದಳು.